ಇಪ್ಪತ್ತೈದು ನಿಮಿಷ ಮುಂದಿದ್ದ ಫಾದರ್

ಚರ್ಚಿನ ಗೋಪುರದ ಗಡಿಯಾರ ಇಪ್ಪತ್ತೈದು ನಿಮಿಷ ಮುಂದೆ ಓಡುತ್ತಿತ್ತು. ಕೆಟ್ಟು ಹಾಗಾಗಿದೆ ಅಂದುಕೊಂಡರೆ ತಪ್ಪು. ಅದನ್ನು ಬೇಕೆಂದೇ ಹಾಗೆ ಓಡಿಸುತ್ತಿದ್ದವರು ಫಾದರ್. ಆ ಊರಿನ ಮಕ್ಕಳು ಕೂಡುವ ಲೆಕ್ಕಕ್ಕಿಂತ ಮೊದಲು ಕಳೆಯುವ ಲೆಕ್ಕ ಕಲಿಯುತ್ತಿದ್ದರು. ಗೋಪುರ ನೋಡು, ಇಪ್ಪತ್ತೈದು ಕಳೆ, ಆಮೇಲೆ ಚಪ್ಪಲಿ ಹಾಕಿಕೊ. ಬೇಕರಿಯವನಿಂದ ಹಿಡಿದು ಶಾಲೆಯ ಮೇಷ್ಟರವರೆಗೆ ಎಲ್ಲರೂ ಇದಕ್ಕೆ ಒಗ್ಗಿಹೋಗಿದ್ದರು. ಒಗ್ಗದೆ ಒಳಗೊಳಗೇ ಕುದಿಯುತ್ತಿದ್ದವನು ಒಬ್ಬನೇ, ಚರ್ಚಿನ ಎದುರಿಗೇ ಅಂಗಡಿ ಇಟ್ಟುಕೊಂಡಿದ್ದ ಗಡಿಯಾರ ರಿಪೇರಿಯವನು.

ಅವನ ಕಷ್ಟ ಶತ್ರುವಿಗೂ ಬೇಡ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಸಾಸಿವೆಯಷ್ಟು ಸಣ್ಣ ಚಕ್ರ ಕೂರಿಸಿ, ಸೆಕೆಂಡು ಆಚೀಚೆ ಆಗದಂತೆ ವಾಚು ಸರಿಮಾಡಿ ಕೊಡುತ್ತಿದ್ದ. ಗಿರಾಕಿ ಅದನ್ನು ಕೈಗೆ ಕಟ್ಟಿಕೊಂಡು, ಗೋಪುರದ ಕಡೆ ಕತ್ತೆತ್ತಿ, ಇದನ್ನೂ ಅದರ ಹಾಗೇ ಮಾಡಿಕೊಡು ಅನ್ನುತ್ತಿದ್ದ. ಒಂದಕ್ಕೆ ಕಳೆಯಬೇಕು, ಇನ್ನೊಂದಕ್ಕೆ ಕಳೆಯಬಾರದು ಅಂದರೆ ತಲೆ ಕೆಡುತ್ತದೆ, ಎಲ್ಲ ಒಂದೇ ಥರ ಇರಲಿ ಎಂಬುದು ಊರಿನ ವಾದ. ಹೀಗಾಗಿ ಪಾಪ, ಬಂದವರಿಗೆಲ್ಲ ಅವನು ಕೇಳಲೇಬೇಕಿತ್ತು, ಚರ್ಚಿನ ಟೈಮಿಡಲಾ, ನಿಜವಾದ ಟೈಮಿಡಲಾ ಅಂತ. ಹತ್ತರಲ್ಲಿ ಒಂಬತ್ತು ಮಂದಿ ಚರ್ಚಿನದ್ದೇ ಕೇಳುತ್ತಿದ್ದರು. ಸರಿಯಾದ ವಾಚನ್ನು ತನ್ನ ಕೈಯಾರೆ ತಪ್ಪು ಮಾಡುವಾಗ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟವಾಗುತ್ತಿತ್ತು.

ಹಾಗಂತ ಅವನ ಮೇಲೆ ತೀರಾ ಕರುಣೆ ತೋರಿಸುವುದೂ ಬೇಡ. ಇದಕ್ಕೆಲ್ಲ ಮೂಲ ಅವನೇ. ಊರಿಗೆಲ್ಲ ಟೈಮು ಹಂಚುವ ಈ ಮಹಾಶಯ ಹುಟ್ಟಿದಂದಿನಿಂದ ಒಂದು ಕಡೆಗಾದರೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ಊರು ಅವನಿಗೆ ಇಟ್ಟ ಹೆಸರು ಲೇಟಪ್ಪ. ಹೊರಡಬೇಕು ಅನ್ನುವಷ್ಟರಲ್ಲಿ ಯಾವುದೋ ಗಡಿಯಾರದ ಟಿಕ್ ಟಿಕ್‌ನಲ್ಲಿ ಸಣ್ಣ ಎಡವಟ್ಟು ಕೇಳಿಸುತ್ತಿತ್ತು, ಅಷ್ಟೇ, ಕೂತುಬಿಡುತ್ತಿದ್ದ. ಫಾದರ್ ಮೂವತ್ತೆರಡನೇ ವಯಸ್ಸಿಗೆ ಒಂದು ತಗಡಿನ ಪೆಟ್ಟಿಗೆ, ಒಂದು ಅಲಾರಂ ಗಡಿಯಾರ ಹಿಡಿದುಕೊಂಡು ಆ ಊರಿಗೆ ಬಂದ ಮೇಲೆ ಮಾಡಿಸಿದ ಮೊದಲ ಮದುವೆ ಇವನದೇ. ಮದುಮಗಳು ಬಂದಳು, ಬೀಗರು ಬಂದರು, ಮದುಮಗನ ಸುಳಿವಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ, ಅಷ್ಟು ಹೊತ್ತೂ ರಿಪೇರಿ ಮಾಡುತ್ತಿದ್ದ ಮಾವನ ಗೋಡೆ ಗಡಿಯಾರವನ್ನು ಬಗಲಲ್ಲಿ ಇಟ್ಟುಕೊಂಡು ಓಡೋಡಿ ಬಂದ. ಮದುವೆಯೇನೋ ಆಯಿತು. ಗೋಪುರದ ಗಡಿಯಾರ ಮೊದಲ ಸಲ ಐದು ನಿಮಿಷ ಮುಂದೆ ಹೋದದ್ದು ಮರುವಾರ.

ಫಾದರ್‌ಗೆ ಹೊತ್ತಿನ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಅವರ ತಾಯಿ ಹಾಸಿಗೆ ಹಿಡಿದು, ಮಗನನ್ನು ಕೇಳುತ್ತಲೇ ಕಣ್ಣು ಮುಚ್ಚಿದಾಗ ಅವರು ಹತ್ತು ನಿಮಿಷ ತಡವಾಗಿ ಮನೆ ಮುಟ್ಟಿದ್ದರಂತೆ. ಇದನ್ನು ಅವರು ಒಂದೇ ಸಲ ಹೇಳಿದ್ದು, ಅದೂ ಬೇರೇನೋ ಮಾತಿನ ನಡುವೆ. ಅದಾದ ಮೇಲೆ ಅವರು ಯಾರ ಮನೆಗೂ ತಡವಾಗಿ ಹೋಗಲಿಲ್ಲ. ಗಂಡ ಹೆಂಡತಿ ಜಗಳ ಜೋರಾಗುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು. ಬೇಕರಿಗೆ ಬೆಂಕಿ ಬಿದ್ದಾಗ ನೀರಿನ ಬಕೆಟ್ಟಿಗಿಂತ ಮೊದಲು ಬಂದವರು ಅವರು. ಲೇಟಪ್ಪನ ಹೆಂಡತಿಗೆ ಹೆರಿಗೆ ನೋವು ಬಂದಾಗ ಸೂಲಗಿತ್ತಿಯನ್ನು ಎಬ್ಬಿಸಿ ಕರೆತಂದವರೂ ಅವರೇ. ಗಂಡ ಬಂದಾಗ ಮಗಳು ಹುಟ್ಟಿ, ಅತ್ತು, ಹಾಲು ಕುಡಿದು ಮಲಗಿ ಆಗಿತ್ತು.

ಊರಿಗೆ ನೀರಿನ ಪೈಪು ಬಂದ ಕಥೆಯೂ ಇಂಥದ್ದೇ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಫಾದರ್ ನೀರಿನ ಕಚೇರಿಗೇ ಹೋಗಿ ಕೂತರು. ಕಚೇರಿ ತೆರೆಯುವ ಹೊತ್ತಿಗೆ ಸರಿಯಾಗಿ ಸಾಹೇಬರ ಬಾಗಿಲೆದುರಿನ ಬೆಂಚಿನ ಮೇಲೆ ಕೂರುವುದು, ಸಾಹೇಬರು ಒಂದೂವರೆ ಗಂಟೆ ತಡವಾಗಿ ಬಂದಾಗ ಎದ್ದು ನಿಂತು ನಮಸ್ಕಾರ ಮಾಡಿ, ತುಟಿ ಪಿಟಕ್ಕೆನ್ನದೆ ಗಡಿಯಾರ ನೋಡುವುದು. ನಲವತ್ತೊಂದು ದಿನ ಹೀಗೆ ನಡೆಯಿತು. ನಲವತ್ತೆರಡನೆಯ ದಿನ ಸಾಹೇಬರು ಮುಖ ಮುಚ್ಚಿಕೊಳ್ಳುವುದೊಂದು ಬಾಕಿ, ಸಹಿ ಹಾಕಿ ಕಳಿಸಿದರು. ಓದು ಬಾರದ ಹೆಂಗಸರಿಗೆ ಸಂಜೆ ಶಾಲೆ, ಬುಧವಾರ ಬುಧವಾರ ಬರುವ ನರ್ಸು, ಎಲ್ಲವನ್ನೂ ಇದೇ ಉಪಾಯದಿಂದ ಗಿಟ್ಟಿಸಿದ್ದು. ಜಗಳ ಆಡಿದ್ದೇ ಇಲ್ಲ, ಬರೀ ಮುಂಚೆ ಹೋಗಿ ಕೂರುತ್ತಿದ್ದರು.

ಪ್ರಸಂಗದ, ಅಂದರೆ ಚರ್ಚಿನಲ್ಲಿ ಮಾಡುವ ಉಪದೇಶದ, ವಿಷಯದಲ್ಲೂ ಅಷ್ಟೇ. ಪೂಜೆಯ ನಡುವೆ ಅಲಾರಂ ಗಡಿಯಾರವನ್ನು ಪ್ರಸಂಗಪೀಠದ ಮೇಲೆ ಇಟ್ಟು ಮಾತು ಶುರುಮಾಡುತ್ತಿದ್ದರು. ಒಂಬತ್ತು ನಿಮಿಷಕ್ಕೆ ಅದು ಬಾಯಿ ಮಾಡಿತೋ, ಫಾದರ್ ಬಾಯಿ ಮುಚ್ಚುತ್ತಿದ್ದರು, ವಾಕ್ಯ ಎಲ್ಲಿರುತ್ತದೋ ಅಲ್ಲಿಗೇ. ಜನ ತಟ್ಟನೆ ಎದ್ದು ನಿಲ್ಲುತ್ತಿದ್ದರು. ಒಮ್ಮೆ ‘ನರಕದಲ್ಲಿ ನಿಮಗೋಸ್ಕರ ಕಾದಿರುವುದು ಏನೆಂದರೆ’ ಅನ್ನುವಾಗ ಅಲಾರಂ ಹೊಡೆಯಿತು. ಬೇಕರಿಯವನ ಹೆಂಡತಿ ವಾರವೆಲ್ಲ ನಿದ್ದೆಗೆಟ್ಟು ಮುಂದಿನ ಭಾನುವಾರ ಬಂದರೆ, ಫಾದರ್ ಆಗಲೇ ಸ್ವರ್ಗದ ವಿಷಯ ಹಿಡಿದಿದ್ದರು.

ಇತ್ತ ಗೋಪುರದ ಗಡಿಯಾರ ಐದು ನಿಮಿಷ ಮುಂದಿದೆ ಎಂದು ಜನಕ್ಕೆ ಗೊತ್ತಾಗಲು ಎರಡು ವಾರ ಸಾಕಾಯಿತು. ಐದು ಕಳೆಯತೊಡಗಿದರು. ಫಾದರ್ ಹತ್ತು ಮಾಡಿದರು, ಜನ ಹತ್ತು ಕಳೆದರು. ಹೀಗೆ ಹಾವು ಏಣಿ ಆಟ ಇಪ್ಪತ್ತೈದಕ್ಕೆ ಬಂದು ನಿಂತಿತು. ಆಗ ಲೇಟಪ್ಪನಿಗೆ ತಡೆಯಲಾಗಲಿಲ್ಲ. ಗಡಿಯಾರಕ್ಕೆ ಎಣ್ಣೆ ಬಿಡುವ ಕೆಲಸ ಅವನದೇ ಆದರೂ ಅದರ ಪೆಟ್ಟಿಗೆಯ ಬೀಗದ ಕೈ ಫಾದರ್ ಜೇಬಿನಲ್ಲಿರುತ್ತಿತ್ತು. ನೇರ ಹೋಗಿ ಕೇಳಿದ.

“ಇದರಿಂದ ಏನು ಸಿಕ್ತು ಫಾದರ್? ನೀವು ಮುಂದೆ ಮಾಡ್ತೀರಿ, ಅವರು ಕಳೀತಾರೆ. ಲೆಕ್ಕ ಅಲ್ಲಿಂದಲ್ಲಿಗೇ ಆಯ್ತಲ್ಲ.”

“ಸರಿಯಾಗಿರೋ ಗಡಿಯಾರಾನ ಯಾರು ನೋಡ್ತಾರಯ್ಯಾ?” ಅಂದರು ಫಾದರ್. “ಕಳೀಬೇಕು ಅಂದ್ರೆ ಕತ್ತೆತ್ತಿ ನೋಡ್ಲೇಬೇಕು. ಈಗ ನೋಡು, ನಿನ್ನೊಬ್ಬನ್ನ ಬಿಟ್ಟು ಎಲ್ಲರೂ ಹೊತ್ತಿಗೆ ಸರಿಯಾಗಿ ಬರ್ತಿದ್ದಾರೆ.”

ಲೇಟಪ್ಪ ಬೀಗದ ಕೈ ಕೊಡಿ ಎಂದು ಅಂಗೈ ಚಾಚಿ ನಿಂತೇ ಇದ್ದ. ಕೊನೆಗೆ ಫಾದರ್ ಒಂದು ಪಂದ್ಯ ಕಟ್ಟಿದರು. ಯಾವುದಾದರೂ ಒಂದು ದಿನ, ಒಂದೇ ಒಂದು ದಿನ, ಅವನು ತಮಗಿಂತ ಮುಂಚೆ ಬಂದು ಚರ್ಚಿನ ಬೆಂಚಿನ ಮೇಲೆ ಕೂತಿದ್ದರೆ ಬೀಗದ ಕೈ ಅವನದು, ಗಡಿಯಾರ ಅವನ ಇಷ್ಟ.

ನೀರು ಕುಡಿದಷ್ಟು ಸುಲಭ ಅಂದುಕೊಂಡ ಲೇಟಪ್ಪ. ಮೂರು ಅಲಾರಂ ಇಟ್ಟು ಆರು ಗಂಟೆಗೆ ಹೋದ, ಫಾದರ್ ಬೆಂಚು ಒರೆಸುತ್ತಿದ್ದರು. ಐದೂವರೆಗೆ ಹೋದ, ಅಂಗಳ ಗುಡಿಸುತ್ತಿದ್ದರು. ಐದಕ್ಕೆ ಹೋದಾಗ ಗುಡಿಸಿಯೂ ಆಗಿ ಮೆಟ್ಟಿಲ ಮೇಲೆ ಕೂತು ಬೂಟು ತಿಕ್ಕುತ್ತಿದ್ದವರು, ಬಾ ಬಾ, ಈ ಬೆಂಚಿನ ಒಂದು ತುದಿ ಹಿಡಿ ಅಂದರು. ಒಮ್ಮೆ ನಾಲ್ಕೂವರೆಗೇ ಎದ್ದ. ಆದರೆ ಮನೆಯ ಹದಿನೆಂಟು ಗಡಿಯಾರಗಳಲ್ಲಿ ಒಂದು ಅರ್ಧ ನಿಮಿಷ ಹಿಂದಿರುವುದು ಕಣ್ಣಿಗೆ ಬಿತ್ತು. ಅದನ್ನು ಬಿಚ್ಚಿ ಜೋಡಿಸಿ ಹೋಗುವಾಗ ಜನ ಪೂಜೆ ಮುಗಿಸಿಕೊಂಡು ಎದುರಿಗೆ ಸಿಕ್ಕರು. “ನೀವು ಗೆಲ್ಲೋದು ಆ ಫಾದರ್ ಹಾಸಿಗೆ ಹಿಡಿದಾಗಲೇ ಬಿಡಿ” ಎಂದು ಹೆಂಡತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಫಾದರ್ ಹಾಸಿಗೆ ಹಿಡಿಯಲೇ ಇಲ್ಲ. ಎಪ್ಪತ್ತನೇ ವಯಸ್ಸಿನಲ್ಲಿ, ಒಂದು ಗುರುವಾರ ಬೆಳಿಗ್ಗೆ, ಬೂಟು ಹಾಕಿಕೊಂಡು ಹೊರಡಲು ತಯಾರಾಗಿ ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋಗಿಬಿಟ್ಟರು. ಅಲ್ಲೂ ಮುಂಚೆಯೇ ಹೊರಟರು ನೋಡಿ. ಹೋದ ಹೊತ್ತು ಎಷ್ಟೆಂದು ಡಾಕ್ಟರು ಕೇಳಿದಾಗ ಒಬ್ಬರು ಆರೂ ಹತ್ತು ಅಂದರು, ಇನ್ನೊಬ್ಬರು ಐದೂ ಮುಕ್ಕಾಲು ಅಂದರು. ಕಾಗದದಲ್ಲಿ ಯಾವುದನ್ನು ಬರೆಯುವುದೆಂದು ತೀರ್ಮಾನಿಸಲು ಲೇಟಪ್ಪನನ್ನು ಕರೆಸಬೇಕಾಯಿತು. ಐದೂ ಮುಕ್ಕಾಲು ಅಂತ ಹೇಳಿ ಅವನು ಅಂಗಡಿಗೆ ವಾಪಸ್ ಬಂದು ಕೂತ. ಅವತ್ತು ಯಾವ ವಾಚನ್ನೂ ಮುಟ್ಟಲು ಅವನಿಗೆ ಕೈ ಬರಲಿಲ್ಲ.

ಮಣ್ಣು ಮಾಡುವುದು ಶನಿವಾರ ಹತ್ತು ಗಂಟೆಗೆ ಎಂದಾಯಿತು. ಬಿಷಪ್ ಬರುವವರಿದ್ದರು. ಚರ್ಚನ್ನು ವಹಿಸಿಕೊಳ್ಳಲು ಶುಕ್ರವಾರ ಬಂದಿಳಿದ ಹೊಸ ಫಾದರ್ ಇನ್ನೂ ಎಳೆಯರು, ಬಿಷಪ್ ಹೆಸರು ಕೇಳಿದರೇ ಎದ್ದು ನಿಲ್ಲುವಷ್ಟು ಭಯ. ತಪ್ಪು ಗಡಿಯಾರ ಕಂಡರೆ ಬಿಷಪ್ ಏನನ್ನುತ್ತಾರೋ, ನಾಳೆಯೊಳಗೆ ಸರಿಮಾಡಿಬಿಡಿ ಎಂದು ಬೀಗದ ಕೈಯನ್ನು ಲೇಟಪ್ಪನ ಅಂಗೈಗೆ ಹಾಕಿದರು. ವರ್ಷಾನುಗಟ್ಟಲೆ ಆಸೆಪಟ್ಟದ್ದು ಹೀಗೆ ಪುಕ್ಕಟೆ ಸಿಕ್ಕಿತು. ಬೇಡ ಅನ್ನಬೇಕು ಅನ್ನಿಸಿತು, ಆದರೆ ಕಸುಬಿನವನ ಕೈ ಕೇಳಬೇಕಲ್ಲ. ದೊಡ್ಡವರು ಹೋಗುವ ದಿನವಾದರೂ ಅವರ ತಲೆಯ ಮೇಲೆ ಸರಿಯಾದ ಹೊತ್ತು ಇರಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಶನಿವಾರ ಬೆಳಗಾಗುವಾಗ ಗೋಪುರ ಹತ್ತಿ ಮುಳ್ಳುಗಳನ್ನು ಇಪ್ಪತ್ತೈದು ನಿಮಿಷ ಹಿಂದಕ್ಕೆ ತಿರುಗಿಸಿದ. ಇದನ್ನು ಹೆಂಡತಿಗೂ ಹೇಳಲಿಲ್ಲ.

ಒಂಬತ್ತೂವರೆಗೆ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಾಗ ಹೆಂಡತಿ ಕಿಟಕಿಯಿಂದ ಗೋಪುರ ನೋಡಿ, ಇಷ್ಟು ಬೇಗ ಹೋಗಿ ಏನು ಮಾಡ್ತೀರಿ, ಬೇಕಾದಷ್ಟು ಹೊತ್ತಿದೆ ಅಂದಳು. ಆಗಲೂ ಅವನಿಗೆ ತಲೆಗೆ ಹೋಗಲಿಲ್ಲ. ಚರ್ಚಿನೊಳಗೆ ಯಾರೂ ಇರಲಿಲ್ಲ. ಮುಂದಿನ ಬೆಂಚಿನ ಮೇಲೆ ಕೂತ. ಹತ್ತಕ್ಕೆ ಐದು ನಿಮಿಷವಿದ್ದಾಗ ಹೊಸ ಫಾದರ್ ಜೊತೆ ಬಿಷಪ್ ಬಂದರು. ಹತ್ತಾಯಿತು. ಬೆಂಚುಗಳು ಖಾಲಿ. ಗಂಟೆ ಹೊಡೆಯುವವನೂ ನಾಪತ್ತೆ. ಆಗ ಲೇಟಪ್ಪನಿಗೆ ಹೊಳೆಯಿತು. ಊರಿಗೂರೇ ಗೋಪುರ ನೋಡಿ ಇಪ್ಪತ್ತೈದು ಕಳೆಯುತ್ತಿದೆ! ಮನೆಮನೆಯಲ್ಲೂ ಕೈಗಡಿಯಾರ ಬೇರೆ ಹೇಳುತ್ತಿದ್ದರೂ, ಇದು ಲೇಟಪ್ಪನ ರಿಪೇರಿ, ಇನ್ನೇನಾಗುತ್ತದೆ ಅಂತ ಬೈದುಕೊಂಡು ವಾಚುಗಳನ್ನೇ ಹಿಂದೆ ತಿರುಗಿಸಿಕೊಳ್ಳುತ್ತಿದ್ದರು.

ಬಿಷಪ್ ಖಾಲಿ ಬೆಂಚುಗಳನ್ನು ನೋಡಿದರು. ಮೂವತ್ತೆಂಟು ವರ್ಷ ದುಡಿದವರಿಗೆ ಬಂದದ್ದು ಒಬ್ಬನೇ ಒಬ್ಬನಾ ಎಂದು ಮೆಲ್ಲಗೆ ಕೇಳಿ, ತಮಗೆ ಮಧ್ಯಾಹ್ನ ಬೇರೆ ಕಡೆ ಕೆಲಸವಿದೆ, ಶುರುಮಾಡೋಣ ಅಂದರು. ಲೇಟಪ್ಪ ಎದ್ದು ಹೋಗಿ ಅವರ ದಾರಿಗೆ ಅಡ್ಡ ನಿಂತ.

“ಜನಕ್ಕೆ ಅವರು ಬೇಡವಾಗಿದ್ರು ಅಂತ ಮಾತ್ರ ತಿಳ್ಕೋಬೇಡಿ ಸ್ವಾಮಿ. ತಪ್ಪು ನಂದು. ನಾನು ಗಡಿಯಾರ ಸರಿ ಮಾಡಿಬಿಟ್ಟೆ.”

ಬಿಷಪ್‌ಗೆ ತಲೆಬುಡ ಅರ್ಥವಾಗಲಿಲ್ಲ. ಗಡಿಯಾರ ಸರಿಯಿದ್ದರೆ ಜನ ಯಾಕೆ ಬರುವುದಿಲ್ಲ ಎಂದು ಕೇಳಿದರು.

“ಬರ್ತಾರೆ. ಹತ್ತೂ ಇಪ್ಪತ್ತೈದಕ್ಕೆ ಬರ್ತಾರೆ. ಒಂದು ನಿಮಿಷ ಆಚೀಚೆ ಆಗಲ್ಲ. ಅಲ್ಲೀತನಕ ನಿಲ್ಲಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಬಿಷಪ್ ನಿಜಕ್ಕೂ ದೊಡ್ಡವರು, ಕುರ್ಚಿ ಎಳೆದುಕೊಂಡು ಕೂತರು. ಲೇಟಪ್ಪ ಬೆಂಚಿಗೆ ವಾಪಸಾದ. ಅಲ್ಲಿ ಕೂತಾಗಲೇ ಅವನಿಗೆ ಪಂದ್ಯದ ನೆನಪಾಯಿತು. ಇಡೀ ಊರಿಗಿಂತ ಮೊದಲು ಬಂದಿದ್ದಾನೆ, ಕೊನೆಗೂ ಗೆದ್ದನಲ್ಲ! ತಲೆಯೆತ್ತಿದರೆ ಎದುರಿಗೆ ಶವಪೆಟ್ಟಿಗೆ. ಫಾದರ್‌ರನ್ನು ಹಿಂದಿನ ಸಂಜೆಯೇ ತಂದು ಮಲಗಿಸಿದ್ದರು. “ಇವತ್ತೂ ನೀವೇ ಮುಂಚೆ ಬಂದ್ರಲ್ಲ” ಅಂದ.

ಹತ್ತೂ ಇಪ್ಪತ್ತಮೂರಕ್ಕೆ ಹೊರಗೆ ಚಪ್ಪಲಿಗಳ ಸದ್ದಾಯಿತು. ಮೂರೂ ಬಾಗಿಲಿನಿಂದ ಜನ ಒಟ್ಟಿಗೇ ನುಗ್ಗಿದರು. ಹತ್ತೂ ಇಪ್ಪತ್ತೈದಕ್ಕೆ ಒಳಗೆ ಕಾಲಿಡಲು ಜಾಗವಿರಲಿಲ್ಲ, ಅಂಗಳವೂ ತುಂಬಿ ರಸ್ತೆಯವರೆಗೆ ಜನ ನಿಂತಿದ್ದರು. ಬಿಷಪ್ ಗಡಿಯಾರ ನೋಡಿದರು, ಜನರನ್ನು ನೋಡಿದರು. ತಮ್ಮ ಇಡೀ ಸೇವೆಯಲ್ಲಿ ಇಷ್ಟು ಮಂದಿ ಒಂದೇ ನಿಮಿಷಕ್ಕೆ ಬಂದದ್ದನ್ನು ಕಂಡಿಲ್ಲ ಎಂದು ಪಕ್ಕದವರ ಹತ್ತಿರ ಹೇಳಿದರಂತೆ.

ಆಮೇಲೆ ಅವರು ಪ್ರಸಂಗಪೀಠಕ್ಕೆ ಹೋದರು. ಗಂಟೆ ಹೊಡೆಯುವವನು ಅಭ್ಯಾಸಬಲದಿಂದ ಅಲಾರಂಗೆ ಕೀ ಕೊಟ್ಟು ಅಲ್ಲೇ ಇಟ್ಟಿದ್ದ. ಬಿಷಪ್ ಚೆನ್ನಾಗಿಯೇ ಮಾತಾಡಿದರು. “ಈ ಪುಣ್ಯಾತ್ಮರು ನಿಮಗೆ ಬಿಟ್ಟುಹೋಗಿರುವುದು ಏನೆಂದರೆ” ಅನ್ನುವಾಗ ಸರಿಯಾಗಿ ಒಂಬತ್ತು ನಿಮಿಷವಾಯಿತು. ಅಲಾರಂ ಕಿರುಚಿತು. ಇಡೀ ಚರ್ಚು ತಟ್ಟನೆ ಎದ್ದು ನಿಂತಿತು. ಬಿಷಪ್ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಕೆಳಗಿಳಿದರು. ಜನ ಅಳುತ್ತ ನಗುತ್ತ ಫಾದರ್‌ರನ್ನು ಹೊತ್ತುಕೊಂಡು ಹೋದರು.

ಮಣ್ಣು ಹಾಕಿ ಬಂದವನೇ ಲೇಟಪ್ಪ ಗೋಪುರ ಹತ್ತಿ ಮುಳ್ಳುಗಳನ್ನು ಮತ್ತೆ ಇಪ್ಪತ್ತೈದು ನಿಮಿಷ ಮುಂದಕ್ಕೆ ತಳ್ಳಿದ. ಹೊಸ ಫಾದರ್ ಅಡ್ಡಿ ಹೇಳಲಿಲ್ಲ.

ಮರುದಿನ ಭಾನುವಾರ. ಅವನಿಗೆ ನಿದ್ದೆ ಬೇಗ ಬಿಟ್ಟುಹೋಯಿತು. ಹದಿನೆಂಟು ಗಡಿಯಾರಗಳ ಕಡೆ ತಿರುಗಿ ನೋಡದೆ ಎದ್ದು ಹೋದ. ಅಂಗಳದಲ್ಲಿ ಯಾರೂ ಗುಡಿಸುತ್ತಿರಲಿಲ್ಲ. ಮೆಟ್ಟಿಲ ಮೇಲೆ ಯಾರೂ ಬೂಟು ತಿಕ್ಕುತ್ತಿರಲಿಲ್ಲ. ಒಳಗೆ ಹೋಗಿ ಮುಂದಿನ ಬೆಂಚಿನ ಮೇಲೆ ಕೂತ. ಈ ಸಲ ನಿಜವಾಗಿಯೂ ಗೆದ್ದಿದ್ದ, ಬೀಗದ ಕೈಯೂ ಜೇಬಿನಲ್ಲಿತ್ತು. ಗೆದ್ದದ್ದಕ್ಕೆ ಮಗುವಿನ ಹಾಗೆ ಅತ್ತ. ಅತ್ತು ಸಾಕಾದ ಮೇಲೆ ಮೂಗು ಒರೆಸಿಕೊಂಡು ಎದ್ದು, ಬಾಗಿಲ ಹಿಂದಿದ್ದ ಪೊರಕೆ ತೆಗೆದುಕೊಂಡು ಗುಡಿಸಲು ಶುರುಮಾಡಿದ.

ಅರ್ಧ ಅಂಗಳ ಮುಗಿಯುವಾಗ ಹೊಸ ಫಾದರ್ ಕಣ್ಣುಜ್ಜಿಕೊಳ್ಳುತ್ತ ಬಂದರು. ಲೇಟಪ್ಪ ಗೋಪುರದ ಕಡೆ ಕತ್ತೆತ್ತಿ ನೋಡಿ, ಮನಸ್ಸಿನಲ್ಲೇ ಇಪ್ಪತ್ತೈದು ಕಳೆದ.

“ತಡ ಮಾಡಿದ್ರಲ್ಲ ಫಾದರ್” ಅಂದ.