ಬಾಗಿಲ ಮೇಲೆ ‘ನಾಳೆ ಬಾ’

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ಹೆಂಗಸರ ಬಟ್ಟೆ ಹೊಲಿಯಲು ಕೂತು ಇಪ್ಪತ್ತೆಂಟು ವರ್ಷವಾಯಿತು. ಮುಂದೆ ಅಂಗಡಿ, ಹಿಂದೆ ಮನೆ. ಇಷ್ಟು ವರ್ಷಗಳಲ್ಲಿ ನನ್ನ ಬಾಯಿಂದ ಅತಿ ಹೆಚ್ಚು ಸಲ ಬಂದದ್ದು ಹೆಂಡತಿಯ ಹೆಸರಲ್ಲ, ದೇವರ ಹೆಸರೂ ಅಲ್ಲ. ‘ನಾಳೆ ಬನ್ನಿ’ ಎಂಬ ಮಾತು. ಇದನ್ನು ಸುಳ್ಳು ಎಂದು ನಾನು ಯಾವತ್ತೂ ತಿಳಿದವನಲ್ಲ. ಟೈಲರ್ ‘ನಾಳೆ’ ಎಂದರೆ ನಾಳೆಯಲ್ಲ ಎಂಬುದು ಕೇಳುವವರಿಗೂ ಗೊತ್ತು, ಹೇಳುವವನಿಗೂ ಗೊತ್ತು.

ಈ ನೆಮ್ಮದಿ ಕೆಡಿಸಿದವರು ಕಡೂರಿನಿಂದ ವರ್ಗವಾಗಿ ಬಂದ ನಮ್ಮ ಚರ್ಚಿನ ಹೊಸ ಫಾದರ್. ಸಂಜೆ ಪ್ರಾರ್ಥನೆ ನಮ್ಮ ಮನೆಯಲ್ಲಿ ಮೊದಲಿಂದಲೂ ಇತ್ತು. ಏಳು ಗಂಟೆಗೆ ಹೊಲಿಗೆ ಮಿಷನ್ ನಿಲ್ಲಿಸಿ, ಯೇಸುವಿನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ನಾನೂ ಹೆಂಡತಿಯೂ ಜಪಸರ ಹಿಡಿದು ಕೂರುತ್ತಿದ್ದೆವು. ಬಾಯಿ ಪ್ರಾರ್ಥನೆ ಹೇಳುತ್ತಿದ್ದರೆ ಮನಸ್ಸು ಯಾರದೋ ಬ್ಲೌಸಿನ ತೋಳು ಕತ್ತರಿಸುತ್ತಿತ್ತು. ಇಷ್ಟು ಸಾಲದು ಎಂದರು ಫಾದರ್. ದಿನದ ಕೆಲಸವನ್ನು ಬೆಳಗ್ಗೆಯಿಂದ ನೆನೆದು, ಒಳ್ಳೆಯದಕ್ಕೆ ವಂದನೆ ಹೇಳಿ, ತಪ್ಪಿದ್ದನ್ನು ಒಪ್ಪಿಕೊಳ್ಳಬೇಕಂತೆ. ಮನಸ್ಸಿನಲ್ಲೇ ಮಾಡಿ ಎಂದಿದ್ದರೆ ಬಚಾವಾಗುತ್ತಿದ್ದೆ. ಮನೆಯವರೆಲ್ಲ ಬಾಯಿಬಿಟ್ಟು ಹೇಳಿ ಎಂದುಬಿಟ್ಟರು.

ನನ್ನ ಹೆಂಡತಿ ದಿನವಿಡೀ ಅಂಗಡಿಯಲ್ಲೇ ಕೂತು ಹುಕ್ಸ್ ಹಾಕುವವಳು. ದೇವರಿಗೆ ಮುಚ್ಚಿಟ್ಟರೂ ಅವಳಿಗೆ ಮುಚ್ಚಿಡುವಂತಿಲ್ಲ. ಮೊದಲ ಸಂಜೆ ನಾನು, ಇಂದು ವಿಶೇಷ ತಪ್ಪೇನೂ ಆಗಲಿಲ್ಲ ಎಂದು ಮುಗಿಸುವಷ್ಟರಲ್ಲಿ ಅವಳು ಕೆಮ್ಮಿದಳು. ಬೆಳಗ್ಗೆಯಿಂದ ಏಳು ಜನರಿಗೆ ‘ನಾಳೆ ಬನ್ನಿ’ ಅಂದದ್ದನ್ನು ಬೆರಳು ಮಡಿಸಿ ತೋರಿಸಿದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ರೇಗಿದೆ. ಮೇಣದಬತ್ತಿಯ ಮುಂದೆ ರೇಗಿದ್ದರಿಂದ ಅದನ್ನೂ ಸೇರಿಸಿ ಒಪ್ಪಿಕೊಳ್ಳಬೇಕಾಯಿತು.

ಹೀಗಿರುವಾಗ ಅಜ್ಜಂಪುರದ ಪ್ರೈಮರಿ ಶಾಲೆಯ ಟೀಚರ್ ಒಬ್ಬರು ಗಿಳಿಹಸಿರು ರೇಷ್ಮೆಯ ಬ್ಲೌಸ್ ಪೀಸ್ ತಂದುಕೊಟ್ಟರು. ನಿವೃತ್ತಿಯಾಗುತ್ತಿದ್ದರು. ಶನಿವಾರ ಶಾಲೆಯಲ್ಲಿ ಬೀಳ್ಕೊಡುಗೆ, ಅವತ್ತು ಉಡುವ ಸೀರೆಗೆ ಇದು ಬೇಕು ಎಂದು ತಿಂಗಳ ಮೊದಲೇ ಹೇಳಿದ್ದರು. ಮೊದಲ ಸಲ ಬಸ್ಸು ಹಿಡಿದು ಬಂದಾಗ ಕರೆಂಟಿರಲಿಲ್ಲ ಎಂದೆ. ಎರಡನೆಯ ಸಲ ಲೈನಿಂಗ್ ಬಟ್ಟೆಯ ಬಣ್ಣ ಕೂಡಿಬರಲಿಲ್ಲ ಎಂದೆ. ಮೂರನೆಯ ಸಲ, ಗುರುವಾರ ಸಂಜೆ, ಅವರು ಬೀದಿಯ ತಿರುವಿನಲ್ಲಿ ಕಾಣುತ್ತಲೇ ಬಾಗಿಲು ಎಳೆದುಕೊಂಡು ಹಿತ್ತಲಿನಿಂದ ಟೀ ಅಂಗಡಿಗೆ ಓಡಿದೆ. ಹೆಂಡತಿ ಸಂತೆಗೆ ಹೋಗಿದ್ದಳು.

ವಾಪಸು ಬಂದು ನೋಡಿದರೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಬರೆದಿತ್ತು: ನಾಳೆ ಬಾ.

ಹಿಂದೆ ನಮ್ಮ ಕಡೆ ದೆವ್ವ ಮನೆ ಬಾಗಿಲು ತಟ್ಟುತ್ತದೆಂದು ಹೆದರಿ ಹೀಗೆ ಬರೆಯುತ್ತಿದ್ದರು. ದೆವ್ವ ಬಂದು, ಓದಿ, ಹಿಂದಿರುಗಿ, ಮರುದಿನ ಮತ್ತೆ ಬಂದು ಅದನ್ನೇ ಓದಿ ಹೋಗಬೇಕು. ಟೀಚರ್ ಬ್ಯಾಗಿನಲ್ಲಿ ಸೀಮೆಸುಣ್ಣಕ್ಕೆ ಬರವೇ? ಒದ್ದೆ ಬಟ್ಟೆ ಹುಡುಕುತ್ತಿದ್ದೆ, ಅಷ್ಟರಲ್ಲಿ ಹೆಂಡತಿ ಬಂದಳು. ಅವಳ ಹಿಂದೆಯೇ, ಅಂದಿನ ಪ್ರಾರ್ಥನೆಗೆ ನಮ್ಮ ಮನೆಗೆ ಬರುತ್ತೇನೆಂದಿದ್ದ ಫಾದರ್ ಬೈಕು ನಿಲ್ಲಿಸಿದರು.

ಫಾದರ್ ಅದನ್ನು ಎರಡು ಸಲ ಓದಿದರು. ಕ್ರೈಸ್ತರ ಮನೆಯಲ್ಲಿ ಇನ್ನೂ ದೆವ್ವದ ಭಯವೇ ಎಂದು ಮೆತ್ತಗೆ ಕೇಳಿದರು. ಯಾರೋ ಮಕ್ಕಳು ಗೀಚಿರಬೇಕು ಎಂದೆ. ಮಕ್ಕಳು ಇಷ್ಟು ಅಂದವಾಗಿ ಬರೆದರೆ ಅವರ ಟೀಚರಿಗೆ ಸನ್ಮಾನ ಮಾಡಬೇಕು ಎಂದರು. ಅವರು ಬಾಗಿಲಿಗೆ, ಗೋಡೆಗೆ, ಕೊನೆಗೆ ಮಿಷನ್ನಿಗೂ ಪವಿತ್ರ ಜಲ ಚಿಮುಕಿಸಿ ದೆವ್ವದ ಭಯ ಓಡಿಸಲು ಉದ್ದ ಪ್ರಾರ್ಥನೆ ಮಾಡಿದರು. ಸೂಜಿ ತುಕ್ಕು ಹಿಡಿದೀತೆಂಬ ಭಯ ಮಾತ್ರ ಓಡಲಿಲ್ಲ.

ಆಮೇಲೆ ದಿನವನ್ನು ನೆನೆಯುವ ಸರದಿ. ಹೆಂಡತಿ ಕೆಮ್ಮಲು ಗಂಟಲು ಸರಿಮಾಡಿಕೊಂಡಳು. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

“ದೆವ್ವ ಬಂದಿದ್ದು ನಿಜ ಫಾದರ್,” ಎಂದೆ. “ಅಜ್ಜಂಪುರದ ಬಸ್ಸಲ್ಲಿ ಬಂದಿತ್ತು. ಮೂರು ಸಲಾನೂ ನಾನೇ ವಾಪಸ್ ಕಳಿಸ್ಬಿಟ್ಟೆ.”

ವಿಷಯ ಪೂರ್ತಿ ಕೇಳಿದ ಫಾದರ್ ಮೇಣದಬತ್ತಿ ಆರಿಹೋಗುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಮುಖ ಗಂಭೀರ ಮಾಡಿ, ಆ ಬ್ಲೌಸ್ ಟೀಚರ ಕೈಸೇರುವವರೆಗೆ ಬಾಗಿಲ ಮೇಲಿನದನ್ನು ಅಳಿಸಕೂಡದು ಎಂದರು.

ಶುಕ್ರವಾರ ಬೇರೆ ಬಟ್ಟೆ ಮುಟ್ಟಲಿಲ್ಲ. ಶನಿವಾರ ಹೆಂಡತಿ ಚರ್ಚು ಗುಡಿಸಿ ಸಿಂಗರಿಸಲು ಹೋದಳು. ನಾನು ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸಿಗೇ ಅಜ್ಜಂಪುರಕ್ಕೆ ಹೋದೆ. ಟೀಚರ ಮನೆಯಲ್ಲಿ ಕುರ್ಚಿಯ ಮೇಲೆ ರೇಷ್ಮೆ ಸೀರೆ ಇತ್ತು, ಅದರ ಮೇಲೆ ಇಸ್ತ್ರಿ ಮಾಡಿದ ಹಳೇ ಕಪ್ಪು ಬ್ಲೌಸ್. ನಾನು ಹೊಲಿದುಕೊಡುತ್ತೇನೆಂಬ ಆಸೆಯನ್ನು ಅವರು ಬಿಟ್ಟೇಬಿಟ್ಟಿದ್ದರು. ಹಸಿರು ಬ್ಲೌಸನ್ನು ಒಳಗೆ ಒಯ್ದು, ತೊಟ್ಟು, ಸೀರೆ ಉಟ್ಟು ಬಂದು, ಅಳತೆ ಸರಿಯಾಗಿದೆ ಎಂದರು. ನಾನು ತಪ್ಪಾಯಿತು ಎಂದೆ.

“ಬೇರೆ ದಿನ ಆಗಿದ್ರೆ ನಾಳೆನೂ ಬತ್ತಿದ್ದೆ ಕಣ್ರೀ,” ಎಂದರು. “ಸ್ಕೂಲಿಗೆ ಉಟ್ಕೊಂಡು ಹೋಗಕ್ಕೆ ನಂಗೆ ನಾಳೆ ಅನ್ನೋದು ಇರ್ಲಿಲ್ಲ.”

ನನಗೆ ಅಲ್ಲಿಯೇ ನಿಜವಾದ ನಾಚಿಕೆಯಾಯಿತು. ಊಟ ಮಾಡದೆ ಹೋಗಬಾರದೆಂದು ಅವರು ನನ್ನನ್ನೂ ಶಾಲೆಗೆ ಕರೆದೊಯ್ದರು. ಭಾಷಣಗಳಾದವು, ಮಕ್ಕಳು ಅತ್ತರು. ಎಲ್ಲರೂ ಟೀಚರ ಮುಖ ನೋಡುತ್ತಿದ್ದರೆ ನಾನು ಹಿಂದಿನ ಸಾಲಿನಿಂದ ಅವರ ಭುಜದ ಹೊಲಿಗೆ ನೋಡುತ್ತಿದ್ದೆ. ಒಂದು ಸುಕ್ಕೂ ಇರಲಿಲ್ಲ. ಕಣ್ಣು ಮಂಜಾದ ಮೇಲೆ ಅದೂ ಕಾಣಲಿಲ್ಲ.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದು, ಕೈಕಾಲು ತೊಳೆದು ಪ್ರಾರ್ಥನೆಗೆ ಕೂತೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬೆನ್ನು ನೆಟ್ಟಗಿತ್ತು. ಇವತ್ತು ಒಬ್ಬರಿಗೂ ‘ನಾಳೆ ಬನ್ನಿ’ ಅನ್ನಲಿಲ್ಲ, ನಿನಗೆ ಸ್ತೋತ್ರ ಎಂದು ಯೇಸುವಿಗೆ ಹೇಳಿದೆ.

ಹೆಂಡತಿ ಕೆಮ್ಮಿದಳು.

“ನೀವು ಅನ್ಲಿಲ್ಲ, ಬಾಗಿಲು ಅಂತಿತ್ತಲ್ರೀ,” ಎಂದಳು. “ಪಕ್ಕದ್ಮನೆಯೋರು ಹೇಳಿದ್ರು, ಬೆಳಿಗ್ಗೆಯಿಂದ ಬಂದೋರೆಲ್ಲ ಓದ್ಕೊಂಡು ಹೋಗವ್ರೆ. ನಾಳೆ ಭಾನುವಾರ, ಅಂಗಡಿ ಇಲ್ಲ.”

ಹೋದವರಲ್ಲಿ ನಾಳೆ ಇಲ್ಲದವರು ಎಷ್ಟು ಜನವೋ. ಮೇಣದಬತ್ತಿ ಉರಿಯುತ್ತಿರುವಾಗಲೇ ಎದ್ದು, ಒದ್ದೆ ಬಟ್ಟೆ ಹಿಡಿದು ಬಾಗಿಲಿಗೆ ಹೋದೆ.