ಹಾಡಿಯ ದಾರಿಗೆ ಹಾಸಿದ ಕಲ್ಲುಗಳು

ನಾನು ಚಿಕ್ಕವನಿದ್ದಾಗ, ವಯನಾಡು ಹೊಸ ಜಿಲ್ಲೆಯಾದ ಆರಂಭದ ವರ್ಷಗಳಲ್ಲಿ, ಅಕ್ಕ ಓದುತ್ತಿದ್ದ ಕಾಲೇಜಿನ ಸೇವಾ ಶಿಬಿರವು ಬೇಗೂರಿನ ಕಾಡಂಚಿನ ನಮ್ಮೂರಿಗೇ ಬಂದಿತು. ಮಳೆ ಹಿಡಿದರೆ ಕಾಡಿನವರ ಹಾಡಿಯಿಂದ ರೋಗಿಗಳನ್ನು ಆಸ್ಪತ್ರೆಗೆ ಹೊತ್ತು ತರಲು ನಡುವಿನ ಕೆಸರು ಬಿಡುತ್ತಿರಲಿಲ್ಲ. ಅಲ್ಲಿಗೊಂದು ಕಲ್ಲುದಾರಿ ಮಾಡಿಕೊಡುವುದು ಆ ಯುವಕ ಯುವತಿಯರ ಸಂಕಲ್ಪ.

ಕಲ್ಲು ತೋರಿಸಿದವನು ನಾನೇ. ಹಾಡಿಯ ಹಿಂದಿನ ಮತ್ತಿಮರದಡಿ, ಹೊಳೆಯಲ್ಲಿ ಸವೆದು ನುಣುಪಾದ ಉರುಟು ಕಲ್ಲುಗಳಿದ್ದವು. ಅಲ್ಲಿಗೆ ಹೋಗಬೇಡವೆಂದು ಅಪ್ಪ ಹೇಳಿದ್ದರು, ಏಕೆಂದು ಹೇಳಿರಲಿಲ್ಲ.

"ತಮ್ಮಾ, ನೀನೇ ನಮ್ಮ ಇಂಜಿನಿಯರು!" ಎಂದು ಅಕ್ಕ ನಕ್ಕಳು.

ಹಾಡಿಯವರೆಲ್ಲ ಕಾಡಿಗೆ ಹೋಗಿದ್ದ ಹೊತ್ತು. ಶಿಬಿರದವರು ಸಾಲಾಗಿ ನಿಂತು, ಹಾಡುತ್ತ, ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಹಾಡು ಯಾವಾಗ ನಿಂತಿತೋ ತಿಳಿಯಲಿಲ್ಲ. ನೆತ್ತಿಯ ಮೇಲೆ ಬಿಸಿಲಿದ್ದರೂ ಕಲ್ಲುಗಳು ಮಂಜಿನಂತೆ ತಣ್ಣಗಿದ್ದವು; ಜೀರುಂಡೆಗಳೂ ಮೌನವಾಗಿದ್ದವು.

ಗೆಣಸು ಅಗೆದು ಮರಳಿದ ಹಾಡಿಯ ಅಜ್ಜಿ, ಹೊಸ ದಾರಿಯ ಅಂಚಿನಲ್ಲಿ ನಿಂತುಬಿಟ್ಟಳು. ಬೈಯಲಿಲ್ಲ. ಬಗ್ಗಿ ಮೊದಲ ಕಲ್ಲನ್ನು ಸವರಿ, ಅಕ್ಕನನ್ನು ಮಗಳೆಂದೇ ಕರೆದು ಹೇಳಿದಳು.

"ಇದು ನನ್ನ ಅವ್ವ. ಅದು ಅಣ್ಣ. ಸತ್ತವರಿಗೆ ಒಬ್ಬೊಬ್ಬರಿಗೂ ಒಂದೊಂದು ಕಲ್ಲು ಇಡ್ತೀವಿ, ಮೋಳೇ. ಹೊತ್ತು ಮುಳುಗೋದ್ರೊಳಗೆ ಇವರು ಮರದಡಿಯ ಮನೆ ಸೇರದಿದ್ರೆ, ಒಂಟಿಯಾಗಿ ಅಲೀತಾ ನಮ್ಮ ಮಕ್ಕಳ್ನ ಕರೀತಾರೆ."

ಅಕ್ಕನ ಮುಖ ಬಿಳಿಚಿತು. "ತಪ್ಪಾಯ್ತು ಅಜ್ಜೀ. ಯಾವುದು ಯಾರು ಅಂತ ಹೇಳಿ, ನಾವೇ ಹೊತ್ಕೊಂಡು ಹೋಗ್ತೀವಿ."

ಸುದ್ದಿ ತಿಳಿದು ಬಂದ ಅಪ್ಪ ಮೆಟ್ಟು ಕಳಚಿ, ಗರ್ಭಗುಡಿಯ ಮುಂದೆ ನಿಂತವರಂತೆ ಕೈಮುಗಿದರು. ಅಜ್ಜಿ ಒಂದೊಂದೇ ಹೆಸರು ಕರೆದಳು. ಶಿಬಿರದವರು ಒಂದೊಂದೇ ಕಲ್ಲನ್ನು ಹಸುಗೂಸಿನಂತೆ ಎದೆಗವಚಿಕೊಂಡು ನಡೆದರು. ಪ್ರತಿ ಹೆಸರಿಗೂ ಮರದ ಕಡೆಯಿಂದ "ಓ" ಎಂದು ಯಾರೋ ಓಗೊಟ್ಟಂತೆ ನನಗೆ ಕೇಳಿಸಿತು. ಅಪ್ಪನ ಕೈ ಹಿಡಿದೆ. ಅವರೂ ಮರದ ಕಡೆಗೇ ನೋಡುತ್ತಿದ್ದರು.

ಸೂರ್ಯ ಮರಗಳ ತಲೆಗಿಳಿದಾಗ ಒಂದೇ ಕಲ್ಲು ಉಳಿದಿತ್ತು.

"ಇದು ಯಾರು ಅಜ್ಜೀ?" ಎಂದಳು ಅಕ್ಕ.

ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಅದು ನಾನೇ! ಮುಂಚೇನೇ ಆರಿಸಿಟ್ಟಿದ್ದೆ. ಅದನ್ನ ದಾರಿಗೇ ಇಡು ಮೋಳೇ. ನನ್ನ ಮೇಲೆ ನಡೆದು ಮಕ್ಕಳು ಆಸ್ಪತ್ರೆ ಮುಟ್ಲಿ."

ಮರುದಿನ ಶಿಬಿರದವರು ಅಜ್ಜಿಯನ್ನು ಮುಂದಿಟ್ಟುಕೊಂಡು ಹೊಳೆಗೆ ಹೋದರು. ಆಕೆ ತೋರಿಸಿದ ಕಲ್ಲುಗಳನ್ನಷ್ಟೇ ಎತ್ತಿ ತಂದು ದಾರಿಗೆ ಹಾಸಿದರು.

ಮಕ್ಕಳೇ, ನಿಮ್ಮ ಕಾಲಕ್ಕೆ ಅಲ್ಲಿ ಟಾರು ಬಂದಿದೆ. ಕೆಸರನ್ನೇ ಕಾಣದೆ, ಜೀಪಿನಲ್ಲಿ ಕೇಕೆ ಹಾಕುತ್ತ ದಾಟಿಬಿಡುತ್ತೀರಿ. ದಾಟಬೇಕಾದದ್ದೇ; ಆಕೆ ಬಯಸಿದ್ದೂ ಅದನ್ನೇ. ನಿಮ್ಮ ನಡುವೆ ಕುಳಿತ ನಾನು ಮಾತ್ರ, ಅಜ್ಜಿಯ ಕಲ್ಲಿದ್ದ ಜಾಗ ಬಂದಾಗ, ಇಂದಿಗೂ ಮೆಲ್ಲನೆ ಕಾಲು ಮೇಲೆತ್ತಿಕೊಳ್ಳುತ್ತೇನೆ.