ಬಟ್ಟಲ ಮೇಲಿನ ಕಡ್ಡಿ

ಕೊನೆಯ ದಿನ ನನ್ನ ಗಂಡ ರುನ್‌ಚಾಂಗ್ ಎರಡೇ ಬಟ್ಟಲು ಎಣ್ಣೆ ಚಹಾ ಕುಡಿದ. ದಿನಾ ಮೂರು. ಚೀನಾದ ಬೆಟ್ಟಸೀಮೆಯ ನಮ್ಮ ದೋಂಗ್ ಜನ ಎಣ್ಣೆಯಲ್ಲಿ ಹುರಿದ ಎಲೆಯ ಚಹಾಕ್ಕೆ ಅರಳು, ಕಡಲೆಕಾಯಿ ಹಾಕಿ ಒಂಟಿ ಕಡ್ಡಿಯಲ್ಲಿ ತಿನ್ನುತ್ತೇವೆ. ಸಾಕಾದವರು ಕಡ್ಡಿಯನ್ನು ಬಟ್ಟಲ ಮೇಲೆ ಅಡ್ಡ ಇಡಬೇಕು. ಅಲ್ಲಿಯವರೆಗೆ ಮನೆಯವಳು ಬಡಿಸುತ್ತಲೇ ಇರಬೇಕು. ಸಿಟ್ಟು ಬಂದ ದಿನ ಅವನ ಕಡ್ಡಿಯನ್ನು ನಾನೇ ಅಡ್ಡ ಇಡುತ್ತಿದ್ದೆ. ಆ ದಿನವೂ ಇಟ್ಟೆ.

“ಪೆಟ್ಟಿಗೇಲಿದ್ದ ನನ್ನ ಮದುವೆ ಅಂಗಿ ಎಲ್ಲಿ?”

“ಇಲಿ ಎಳ್ಕೊಂಡು ಹೋಗಿರ್ಬೇಕು ಬಿಡು.”

“ಆ ಇಲಿಗೆ ಜಡೆ ಇದೆಯಾ?”

ಅವನು ನಕ್ಕ. ನನ್ನನ್ನು ಕರೆಯುವುದು ಮಗಳ ಹೆಸರು ಸೇರಿಸಿಯೇ. “ಲಿಯಾನ್ ಅವ್ವಾ, ನೀನು ಪೊಲೀಸ್ ಆಗ್ಬೇಕಿತ್ತು.” ಬಿದಿರಿನ ಅಳತೆಕೋಲು ಹೆಗಲಿಗಿಟ್ಟು ಹೊರಟ.

ಅವನು ಬಡಗಿ. ಆ ಕೋಲಿನ ಗುರುತು ನೋಡಿಕೊಂಡೇ, ಒಂದು ಮೊಳೆ ಹೊಡೆಯದೆ ಹನ್ನೊಂದು ಮನೆ, ಒಂದು ಸೇತುವೆ ಕಟ್ಟಿದ್ದ. ಎರಡು ತಿಂಗಳಿಂದ ಪೇಟೆಯಲ್ಲಿ ಟೀವಿ ನಾಟಕದವರಿಗೆ ನಮ್ಮ ತರಹದ ಮರದ ಮನೆ ಕಟ್ಟಿಕೊಡುತ್ತಿದ್ದ. ಒಬ್ಬ ಹೆಂಗಸು ಫೋನ್ ಮಾಡುತ್ತಿದ್ದಳು. ಅವನು ಅಂಗಳಕ್ಕೆ ಹೋಗಿ ಮಾತಾಡುತ್ತಿದ್ದ. ಒಮ್ಮೆ ನಾನು ಎತ್ತಿದೆ. “ಅಣ್ಣಾ” ಎಂದವಳು ನನ್ನ ದನಿ ಕೇಳಿ ಇಟ್ಟುಬಿಟ್ಟಳು. ನಮ್ಮಲ್ಲಿ ಹುಡುಗಿ ತಾನು ನೇಯ್ದ ಬಟ್ಟೆ ಕೊಟ್ಟರೆ ಮನಸ್ಸು ಕೊಟ್ಟಂತೆ. ನಾನು ನೇಯ್ದದ್ದನ್ನು ಅವನು ಯಾರಿಗೆ ಕೊಟ್ಟ?

ಸಂಜೆ ಅವನ ಹೆಣ ಬಂತು. ಬಸ್ಸಿಗೆ ಕಾಯುತ್ತ ಕೂತವನ ಎದೆ ನಿಂತುಹೋಗಿತ್ತು.

ಅಳಲು ಬಂದ ಹೆಂಗಸರ ಮುಖ ನಾನು ನೋಡಲಿಲ್ಲ, ತೋಳು ನೋಡಿದೆ. ಯಾರೂ ನನ್ನ ಅಂಗಿ ತೊಟ್ಟಿರಲಿಲ್ಲ. ಪೇಟೆಯಿಂದ ಮೋಟು ಕೂದಲಿನವಳೊಬ್ಬಳು ಬಂದು ಮೂರು ಸಲ ಬಾಗಿದಳು. ಹೆಸರು ತಾವೋ ಜಿಂಗ್, ನಾಟಕದ ಉಡುಪು ನೋಡಿಕೊಳ್ಳುವವಳು.

“ಅಕ್ಕಾ, ಒಂದು ಮಾತು ಹೇಳ್ಬೇಕಿತ್ತು.”

ಫೋನಿನ ಅದೇ ದನಿ.

“ಹೇಳೋದನ್ನೆಲ್ಲ ಅವನಿಗೇ ಹೇಳಿದ್ದೀಯಲ್ಲ,” ಎಂದೆ. ಚಹಾ ಕೊಡಲಿಲ್ಲ. ಅವಳು ಚೀಟಿಯಲ್ಲಿ ನಂಬರ್ ಬರೆದಿಟ್ಟು ಹೋದಳು.

ಎಂಟು ತಿಂಗಳ ಮೇಲೆ ಆ ನಾಟಕ ಬಂತು. ನಾದಿನಿಯ ಮನೆಯಲ್ಲಿ ನೋಡಿದೆ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಹಿಂದೆ ಹೋಗುವವನ ಕಥೆ. ಟೀವಿಯಲ್ಲಿ ನಮ್ಮ ಹೆಂಗಸರು ಬರುವುದು ಕುಣಿಯಲು, ಇಲ್ಲವೇ ಯಾರದೋ ಗಂಡನನ್ನು ಹಾರಿಸಿಕೊಂಡು ಹೋಗಲು. ಈ ಸಲ ಮೋಸಹೋದ ಹೆಂಡತಿಯೇ ನಮ್ಮವಳು. ಅವಳ ಮೈಮೇಲೆ ನನ್ನ ಅಂಗಿ. ಎಡ ತೋಳಿನ ಅಂಚಿನಲ್ಲಿ ಕೆಂಪು ನೂಲು ಸಾಲದೆ ನಾನು ಹಸಿರು ಹಾಕಿದ್ದು ಕಾಣುತ್ತಿತ್ತು. ಗಂಡ ಏನೋ ಸುಳ್ಳು ಹೇಳಿದ. ಅವಳು ಅವನ ಕಡ್ಡಿಯನ್ನು ಬಟ್ಟಲ ಮೇಲೆ ಅಡ್ಡ ಇಟ್ಟಳು.

“ಅತ್ತಿಗೆ, ಇದು ನೀನೇ ಅಲ್ವಾ?” ಎಂದಳು ನಾದಿನಿ.

ಚೀಟಿ ಹುಡುಕಿ ಫೋನ್ ಮಾಡಿದೆ.

“ಬಾಡಿಗೆ ಉಡುಪು ನೋಡಿ ಅಣ್ಣ ಬೈದ್ರು ಅಕ್ಕಾ,” ಎಂದಳು ತಾವೋ ಜಿಂಗ್. “ತಲೆ ಮೇಲೆ ಬೆಳ್ಳಿ ಕೊಂಬಿನ ಕಿರೀಟ ಇಟ್ಕೊಂಡು ನಮ್ಮೋರು ಯಾರಮ್ಮ ಒಲೆ ಊದ್ತಾರೆ ಅಂದ್ರು. ಮಾರನೇ ದಿನ ನಿಮ್ಮಂಗಿ ತಂದುಕೊಟ್ರು.”

“ನನ್ನನ್ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ಕೊಡಲ್ಲ, ಟೀವೀಲಿ ತೋರಿಸಿ ಆಮೇಲೆ ಬೈಸ್ಕೋತೀನಿ ಅಂದ್ರು.”

“ಕಡ್ಡಿ ವಿಷಯ?”

“ಅದೂ ಅವ್ರೇ ಹೇಳಿದ್ದು. ದಿನಾ ನಿಮ್ಮ ಮಾತೇ.”

ಅಂಗಿ ಅಂಚೆಯಲ್ಲಿ ಬಂತು. ಕೊರಳು ಮೂಸಿದೆ. ಪೌಡರ್, ಯಾರದೋ ಬೆವರು. ಅವನ ಹೊಗೆಸೊಪ್ಪಿನ ವಾಸನೆ ಇರಲಿಲ್ಲ. ನಂಬಿದೆ. ಪೂರ್ತಿ ಅಲ್ಲ. ಎರಡು ತಿಂಗಳು ಬೇರೊಬ್ಬಳ ಹತ್ತಿರ ನನ್ನದೇ ಮಾತಾಡಿದವನು ನನ್ನ ಹತ್ತಿರ ಇಲಿಯ ಮಾತಾಡಿದ.

ಈಗಲೂ ಬೆಳಿಗ್ಗೆ ಅವನ ಬಟ್ಟಲಿಗೆ ಚಹಾ ಬಡಿಸುತ್ತೇನೆ. ಕಡ್ಡಿಯನ್ನು ಪಕ್ಕದಲ್ಲಿಡುತ್ತೇನೆ. ಆರಿದ ಮೇಲೆ ಬಾತುಕೋಳಿಗಳಿಗೆ ಸುರಿದು ಬಟ್ಟಲು ತೊಳೆಯುತ್ತೇನೆ.